ಇಚ್ಛೆಗೊಂದು ಎಲ್ಲೆ

ಸಂತೋಷವೆಂಬ ಗುಣವನ್ನು ಬಡವನ ಸಮಾಧಾನವೆಂದು ಭಾವಿಸುವವರು ಬಹಳ ಮಂದಿ. ದೊರೆಯದ ವಸ್ತುವನ್ನು ಬಯಸದಿರುವುದು ಅನೇಕ ವೇಳೆ ಅನಿವಾರ್ಯತೆ. ದೊರೆಯಬಹುದಾದುದನ್ನು ‘ಇಷ್ಟು ಸಾಕು’ ಎಂದು ಬಿಡುವುದು ವ್ರತ. ಈ ಎರಡರ ಅಂತರವನ್ನು ಅರಿಯಲು ಬಬಲೇಶ್ವರದ ನೆಲವೇ ಒಳ್ಳೆಯ ಪಾಠಶಾಲೆ.

ವಿಜಯಪುರ ಜಿಲ್ಲೆಯ ಈ ಭಾಗ ತಲೆತಲಾಂತರದಿಂದ ಮಳೆಯನ್ನೇ ನಂಬಿ ಬದುಕಿದ ನಾಡು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಇಲ್ಲಿಯದು. ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳ ಕೈಗೂಡಿದ ವರ್ಷ ಮನೆತನ ನಿಶ್ಚಿಂತ. ಕೈಕೊಟ್ಟ ವರ್ಷ ಗುಳೆ. ಕ್ರಮೇಣ ತಿಕೋಟಾ ಸೀಮೆಯಲ್ಲಿ ದ್ರಾಕ್ಷಿಯ ಪಡಗಳು ಎದ್ದವು, ಒಣದ್ರಾಕ್ಷಿಯ ಶೆಡ್ಡುಗಳು ಬಂದವು. ಬೇಸಿಗೆಯಲ್ಲಿ ಬಳ್ಳಿಯನ್ನು ಉಳಿಸಲು ಟ್ಯಾಂಕರಿನ ನೀರನ್ನು ಕೊಂಡು ಹಾಕಿದ ರೈತರಿದ್ದಾರೆ. ಒಬ್ಬನು ಆಳಕ್ಕೆ ಕೊಳವೆಬಾವಿ ಕೊರೆಸಿದರೆ ನೆರೆಯವನು ಇನ್ನೂ ಆಳಕ್ಕೆ ಕೊರೆಸಿದನು. ಮೊದಲನೆಯವನ ಬಾವಿ ಬತ್ತಿತು. ಮುಂದೆ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಈ ಎತ್ತರದ ಭೂಮಿಗೂ ಏರಿ ಬಂದಿತು. ನೀರು ಬಂದುದು ನಿಸ್ಸಂದೇಹವಾಗಿ ಪುಣ್ಯದ ಫಲ, ಜನರ ಪರಿಶ್ರಮದ ಫಲ. ಆದರೆ ನೀರಿನೊಡನೆ ಅದುವರೆಗೆ ಏಳದಿದ್ದ ಪ್ರಶ್ನೆಯೊಂದೂ ಬಂದಿತು: ಎಷ್ಟು ಸಾಕು? ಬರಗಾಲದಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ. ಸಮೃದ್ಧಿಯಲ್ಲಿ ಇದನ್ನು ಕೇಳದವನಿಗೆ ತೃಪ್ತಿಯಿಲ್ಲ.

ಪೂರ್ವಾಚಾರ್ಯರು ಈ ಪ್ರಶ್ನೆಯನ್ನು ಗೃಹಸ್ಥನ ಮುಂದೆ ಸ್ಪಷ್ಟವಾಗಿಯೇ ಇರಿಸಿದ್ದಾರೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ವಸ್ತುವಿನ ರಾಶಿಯಲ್ಲ, ಅದರ ಮೇಲಿನ ಮೂರ್ಛೆ, ಅರ್ಥಾತ್ ಮಮತೆಯ ಮಂಪರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದನೆಯ ಅಣುವ್ರತಕ್ಕೆ ಪರಿಮಿತ ಪರಿಗ್ರಹವೆಂದೂ ಇಚ್ಛಾಪರಿಮಾಣವೆಂದೂ ಎರಡು ಹೆಸರುಗಳನ್ನು ಹೇಳಿದ್ದಾರೆ. ಎರಡನೆಯ ಹೆಸರು ಮನನೀಯ. ಅಳೆಯಬೇಕಾದುದು ಹೊಲ, ಮನೆ, ಧನ, ಧಾನ್ಯಗಳನ್ನಷ್ಟೇ ಅಲ್ಲ, ಇಚ್ಛೆಯನ್ನು.

ಮನುಷ್ಯನ ಜಾಣತನವನ್ನೂ ಆಚಾರ್ಯರು ಬಲ್ಲರು. ಒಂದೇ ಹೊಲವನ್ನು ಇರಿಸಿಕೊಳ್ಳುವೆನೆಂದು ವ್ರತ ತೊಟ್ಟವನು ಪಕ್ಕದ ಹೊಲವನ್ನೂ ಕೊಂಡು, ನಡುವಿನ ಬದುವನ್ನು ಕಿತ್ತು, ‘ಈಗಲೂ ಒಂದೇ ಹೊಲ’ ಎನ್ನಬಹುದು. ಹೀಗೆ ಜೋಡಿಸಿಕೊಳ್ಳುವುದನ್ನು ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಈ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಲೆಕ್ಕದಲ್ಲಿ ವ್ರತ ಉಳಿಯಿತು, ಭಾವದಲ್ಲಿ ಅಳಿಯಿತು. ಬದು ಕಿತ್ತವನಿಗೆ ಹೊಲ ದೊಡ್ಡದಾಯಿತು. ಸಂತೋಷದ ಎಲ್ಲೆ ಮಾತ್ರ ಕಾಣದಾಯಿತು.

ಇದೇ ಸೀಮೆ ಇಚ್ಛಾಪರಿಮಾಣದ ಜೀವಂತ ನಿದರ್ಶನವೊಂದನ್ನೂ ಕಂಡಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಜನಿಸಿದುದು ಇಂದಿನ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ, ರೈತ ಕುಟುಂಬದಲ್ಲಿ. ಅವರು ಜೈನ ಪರಂಪರೆಯವರಲ್ಲ. ಆದರೆ ಗುಣಾಧಿಕರನ್ನು ಕಂಡು ಹರ್ಷಿಸುವ ಪ್ರಮೋದ ಭಾವನೆಗೆ ಕುಲ-ಮತಗಳ ಗಡಿಯಿಲ್ಲ. ಅವರು ತೊಟ್ಟ ಬಿಳಿಯ ಅಂಗಿಗೆ ಜೇಬೇ ಇರಲಿಲ್ಲವೆಂಬುದು ಜನಜನಿತ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ಸಂನ್ಯಾಸಿಗೆ ಅದರ ಅಗತ್ಯವಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ತಿಳಿಸಿದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಲಕ್ಷಾಂತರ ಜನ ದರ್ಶನಕ್ಕೆ ನೆರೆದರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕವನ್ನು ಕಟ್ಟಬಾರದು ಎಂದು 2014ರಲ್ಲಿಯೇ ಅವರು ಬರೆದಿಟ್ಟಿದ್ದರು. ಅದರಂತೆ ಮರುದಿನ ಆಶ್ರಮದ ಆವರಣದಲ್ಲಿ ದಹನಕ್ರಿಯೆ ನಡೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಂಗಿಗೆ ಜೇಬಿಲ್ಲದಿರುವುದು ಹಣ ಎದುರಿಗೆ ಬಂದ ಮೇಲೆ ಮಾಡಿದ ನಿರ್ಧಾರವಲ್ಲ. ಬಟ್ಟೆಯನ್ನು ಹೊಲಿಯುವಾಗಲೇ ಮಾಡಿದುದು. ಸ್ಮಾರಕ ಬೇಡವೆಂಬ ಮಾತೂ ಕಡೆಯ ಗಳಿಗೆಯದಲ್ಲ. ವಸ್ತು ಕೈಗೆ ಬಂದ ಮೇಲೆ ಮನಸ್ಸು ನೂರು ಕಾರಣಗಳನ್ನು ಹೇಳುತ್ತದೆ: ಮಕ್ಕಳ ಓದು, ಮಗಳ ಮದುವೆ, ಮುಪ್ಪಿನ ಭಯ. ಇವಾವುವೂ ಸುಳ್ಳಲ್ಲ, ಆದುದರಿಂದಲೇ ಅವುಗಳ ಮೊತ್ತಕ್ಕೆ ಕೊನೆಯಿಲ್ಲ. ಎಲ್ಲೆಯನ್ನು ಮುಂಚಿತವಾಗಿ ಗುರುತಿಸಿದವನಿಗೆ ಪ್ರತಿಸಲವೂ ಆಶೆಯೊಡನೆ ವಾದಿಸುವ ಶ್ರಮ ಉಳಿಯುತ್ತದೆ. ಆ ಉಳಿದ ಶಾಂತಿಯೇ ಸಂತೋಷ.

ಗೃಹಸ್ಥನು ಪಿಂಛಿ-ಕಮಂಡಲುಗಳಷ್ಟನ್ನೇ ಇರಿಸಿಕೊಳ್ಳುವ ಮುನಿಯಂತೆ ಇರಲಾರನು. ಶಾಸ್ತ್ರವೂ ಅವನಿಂದ ಅದನ್ನು ಕೇಳುವುದಿಲ್ಲ. ಅವನ ಅಂಗಿಗೆ ಜೇಬು ಬೇಕು, ಆದರೆ ಜೇಬಿಗೆ ತಳವೂ ಬೇಕು. ದಶಲಕ್ಷಣ ಪರ್ವದಲ್ಲಿ, ಲೋಭವನ್ನು ತೊಳೆಯುವ ಉತ್ತಮ ಶೌಚದ ದಿನ, ಮನೆಮಂದಿಯೆಲ್ಲ ಕುಳಿತು ಇಷ್ಟು ಭೂಮಿ, ಇಷ್ಟು ಬಂಗಾರ, ಇಷ್ಟು ಉಳಿತಾಯ ಎಂದು ಬರೆದಿಡಬಹುದು. ಮೀರಿ ಬಂದುದು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಸಲ್ಲಲಿ. ನೆರೆಯವನ ಬಾವಿಯನ್ನು ಬತ್ತಿಸದ ಒಕ್ಕಲುತನವೂ ಅಭಯದಾನವೇ. ಅಪರಿಗ್ರಹವು ಅಹಿಂಸೆಯಾಗಿ ಫಲಿಸುವುದು ಹೀಗೆ.

ಬಸದಿಯ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ. ಧರ್ಮದ ಹೆಸರಿನಲ್ಲಿ ಕೂಡಿಟ್ಟ ಸಂಪತ್ತಿನ ಮೇಲೂ ಮೂರ್ಛೆ ಬರಬಹುದು. ದಾನದ ಕಲ್ಲಿನಲ್ಲಿ ಕೊರೆದ ಹೆಸರಿನ ಮೇಲಂತೂ ಬೇಗ ಬರುತ್ತದೆ. ಇದ್ದ ಬಸದಿಯ ಸೋರುವ ಮಾಳಿಗೆಯನ್ನು ಕಟ್ಟಿಸದೆ ಹೊಸ ಶಿಖರಕ್ಕೆ ಚಂದಾ ಎತ್ತುವುದು ಎಷ್ಟು ಉಚಿತವೆಂಬುದನ್ನು ಹಿರಿಯರು ಆಲೋಚಿಸಬೇಕು. ಇರುವುದನ್ನು ನೋಡಿಕೊಳ್ಳುವುದು ಸಂತೋಷದ ಮೊದಲ ಮೆಟ್ಟಿಲು. ಮನೆಯಾಗಲಿ ಬಸದಿಯಾಗಲಿ, ಬದು ಇರುವಲ್ಲಿಯೇ ಇರಲಿ; ಅದರೊಳಗಿನ ಹೊಲ ಹಸನಾಗಲಿ.