ಜೆಸಿಬಿ ಬರುವ ಮೊದಲು

ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸಿನಲ್ಲಿ ಬೆಳೆದ ನನ್ನ ವಾರಿಗೆಯವರಿಗೆ ಮನೆಯೆಂದರೆ ಕಂಪನಿ ಕೊಡುವಂಥದ್ದು, ನಾವು ಕಟ್ಟುವಂಥದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಯ ಗಣಿಗೆ ಕೈ ಹಾಕಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಬಂತು. ಯಜಮಾನರು ಬದಲಾದರೂ ಕಾರ್ಮಿಕರ ಲೈನ್ ಮನೆ, ಅಂದರೆ ಸಾಲು ಮನೆ, ಹಾಗೇ ಉಳಿಯಿತು. ಬಿದಿರಿನ ತಟ್ಟಿಯ ಗೋಡೆಗಳನ್ನು ಅಜ್ಜಂದಿರು ನೋಡಿದ್ದರು. ನಾನು ಕಂಡದ್ದು ತಗಡಿನ ಸೂರು, ಒಂದು ಕೋಣೆ, ಮುಂದೊಂದಿಷ್ಟು ತಡಿಕೆ ಕಟ್ಟಿದ ಜಾಗ, ಬೀದಿಗೆಲ್ಲ ಸೇರಿ ಒಂದು ನಲ್ಲಿ. ಒಲೆ ಯಾವ ಮೂಲೆಯಲ್ಲಿರಬೇಕು, ಬಾಗಿಲು ಯಾವ ದಿಕ್ಕಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಉತ್ತರ ಹೇಳುವವರಿರಲಿಲ್ಲ.

ಆ ಲೈನುಗಳನ್ನು ಹೊಗಳಲು ನನಗೆ ಮನಸ್ಸಿಲ್ಲ. ಆರೇಳು ಜನ ಒಂದೇ ಕೋಣೆಯಲ್ಲಿ ಮಲಗಿದ್ದನ್ನು ಹೊಗಳುವುದು ಹೇಗೆ? ಆದರೆ ಒಂದು ವಿಷಯ ಒಪ್ಪಬೇಕು. ನಾವಿದ್ದ ಲೈನಿನಲ್ಲಿ ಮನೆಗಳ ಸಾಲು ಇಳಿಜಾರಿಗೆ ಅಡ್ಡಲಾಗಿ ನಿಂತಿತ್ತು. ಒಂದು ಸಾಲಿಗಿಂತ ಮುಂದಿನ ಸಾಲು ಎರಡು ಮೂರು ಅಡಿ ಕೆಳಗೆ, ನಡುವೆ ಕಲ್ಲಿನ ಮೋರಿ. ಎಂಥ ಮಳೆ ಬಂದರೂ ಮೇಲಿನ ಸಾಲಿನ ನೀರು ನಮ್ಮ ಹೊಸಿಲು ದಾಟುತ್ತಿರಲಿಲ್ಲ. ಅದನ್ನು ಗುರುತಿಟ್ಟವನು ಯಾರೋ, ನೆಲವನ್ನು ಓದಬಲ್ಲವನು.

ಗಣಿ ಮುಚ್ಚುವುದಕ್ಕೂ ಮೊದಲೇ ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಪ್ಲಾನ್ ಬರೆಯುವ ಕೆಲಸಕ್ಕೆ ಸೇರಿದ್ದೆ. ಟ್ರೇಸಿಂಗ್ ಪೇಪರು, ರೋಟ್ರಿಂಗ್ ಪೆನ್ನು, ತಪ್ಪಾದರೆ ಬ್ಲೇಡಿನಿಂದ ಕೆರೆದು ತಿದ್ದುವುದು. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಊರು ಖಾಲಿಯಾಗುತ್ತದೆ ಎಂದರು. ಆಗಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಕಿಕ್ಕಿರಿದು, ಬೆಂಗಳೂರಿಗೆ ದುಡಿಯಲು ಹೋಗುವವರನ್ನು ಹೊತ್ತೊಯ್ಯತೊಡಗಿತು. ಆ ಸಂಬಳದಿಂದ, ಅಪ್ಪಂದಿರ ಸೆಟ್ಲ್‌ಮೆಂಟ್ ಹಣದಿಂದ, ಜನ ಸೈಟು ಕೊಳ್ಳಲು ಶುರುಮಾಡಿದರು. ಸಮತಟ್ಟಾದ ಸೈಟಿನ ಬೆಲೆ ಕೈಗೆಟುಕದವರಿಗೆ ಉಳಿದದ್ದು ಇಳಿಜಾರಿನ ಸೈಟು.

ಮೂವತ್ತು-ನಲವತ್ತರ ಸೈಟಿನಲ್ಲಿ ನಲವತ್ತು ಅಡಿ ಉದ್ದಕ್ಕೆ ನಾಲ್ಕು ಅಡಿ ಇಳಿತವಿದ್ದರೆ ಅಂದು ಯಾರೂ ಗಾಬರಿಯಾಗುತ್ತಿರಲಿಲ್ಲ. ಮೇಸ್ತ್ರಿ ನೀರು ತುಂಬಿದ ಪ್ಲಾಸ್ಟಿಕ್ ಟ್ಯೂಬು ಹಿಡಿದು ನಾಲ್ಕು ಮೂಲೆಗೂ ಮಟ್ಟ ಗುರುತಿಸುತ್ತಿದ್ದ. ಅಗೆದು ಸಮ ಮಾಡಲು ಕೂಲಿ ಕೊಡುವ ಶಕ್ತಿ ಇಲ್ಲದ್ದರಿಂದ ಮನೆಯನ್ನೇ ಎರಡು ಮಟ್ಟ ಮಾಡುತ್ತಿದ್ದೆವು: ಮುಂದಿನ ಭಾಗ ರಸ್ತೆ ಮಟ್ಟದಲ್ಲಿ, ಹಿಂದಿನ ಭಾಗ ಎರಡಡಿ ಕೆಳಗೆ, ನಡುವೆ ಅರ್ಧ ಅರ್ಧ ಅಡಿಯ ನಾಲ್ಕು ಮೆಟ್ಟಿಲು. ಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು, ಪ್ರತಿ ಮೆಟ್ಟಿಲೂ ಗಟ್ಟಿ ನೆಲದ ಮೇಲೆ. ಕಲ್ಲಿಗೆ ಕೋಲಾರ ಜಿಲ್ಲೆಯಲ್ಲಿ ಬರವಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಸೂರಿಗೂ ಚಪ್ಪಡಿಯನ್ನೇ ಹಾಸುತ್ತಿದ್ದರಲ್ಲ.

ಜಗಳವೆಲ್ಲ ಬರುತ್ತಿದ್ದದ್ದು ಆ ನಾಲ್ಕು ಮೆಟ್ಟಿಲಿನ ಬಗ್ಗೆ. ಒಂದು ಮನೆ ಚೆನ್ನಾಗಿ ನೆನಪಿದೆ. ಮಗನಿಗೆ ಮುಂದೆ ದೊಡ್ಡ ಹಾಲ್ ಬೇಕು, ಹಾಗಾಗಿ ಅಪ್ಪನ ಕೋಣೆ ಹಿಂದೆ, ಕೆಳಗೆ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಆಳ, ಕೇಜಿನಲ್ಲಿ ಇಳಿದು ಹತ್ತಿ ಆಯುಷ್ಯ ಸವೆಸಿದ್ದರು. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು, ಸಿಲಿಕೋಸಿಸ್. ನಮ್ಮೂರಿನಲ್ಲಿ ಅದು ಅಪರೂಪದ ಕಾಯಿಲೆಯೇನಲ್ಲ. ಸೊಸೆಯೇ ಮಾತು ತೆಗೆದದ್ದು: "ಅಣ್ಣಾ, ಮಾವನವರಿಗೆ ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತೆ. ಅವರ ರೂಮು, ಬಾತ್‌ರೂಮು ರಸ್ತೆ ಮಟ್ಟದಲ್ಲೇ ಇರಲಿ. ಅಡುಗೆಮನೆಯೂ ಅಲ್ಲೇ ಇರಲಿ, ಸಾರಿನ ಪಾತ್ರೆ ಹಿಡಿದು ದಿನಾ ಮೆಟ್ಟಿಲು ಇಳಿಯೋಕೆ ನನ್ನಿಂದಾಗಲ್ಲ." ಹಾಲ್ ಚಿಕ್ಕದಾಯಿತು, ಮಕ್ಕಳ ಕೋಣೆ ಕೆಳಗೆ ಹೋಯಿತು. ಇಳಿಜಾರಿನ ಸೈಟಿಗೆ ಅದಕ್ಕಿಂತ ಒಳ್ಳೆಯ ಪ್ಲಾನ್ ನಾನು ಬರೆದದ್ದು ಕಡಿಮೆ, ಅದರಲ್ಲಿ ಅರ್ಧ ಆ ಹೆಣ್ಣುಮಗಳದ್ದು.

ವಾಸ್ತುವಿನ ಕಾಟ ಬೇರೆ. ಸೈಟು ನೈಋತ್ಯಕ್ಕೆ ಇಳಿದಿದ್ದರೆ ಮನೆಯವರ ಮುಖ ಬಾಡುತ್ತಿತ್ತು. ಈಶಾನ್ಯದಲ್ಲಿ ಸಂಪ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕೊಳೆ ನೀರಿಗೆ ದಿಕ್ಕು ತಿಳಿಯದು, ತಗ್ಗು ಮಾತ್ರ ತಿಳಿಯುತ್ತದೆ. ರಸ್ತೆ ಮೇಲಿದ್ದು ಸೈಟು ಕೆಳಗಿದ್ದರೆ ಬಚ್ಚಲ ನೀರು ರಸ್ತೆಯ ಮೋರಿಗೆ ಏರುವುದಿಲ್ಲ. ಹಿಂದೆ ತಗ್ಗಿನಲ್ಲೇ ಗುಂಡಿಗೆ ಜಾಗ ಬಿಡಬೇಕು. ಇದನ್ನು ಗೃಹಪ್ರವೇಶವಾದ ಮೇಲೆ ಕಂಡುಕೊಂಡವರು ಎಷ್ಟೋ ಮಂದಿ.

ನನ್ನ ಕಸುಬನ್ನು ಬದಲಿಸಿದ್ದು ಕಂಪ್ಯೂಟರ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆಟೋಕ್ಯಾಡ್ ಬಂದು ಗೆರೆ ಎಳೆಯುವುದು ಸಲೀಸಾಯಿತು, ಅಷ್ಟೇ. ಬದಲಿಸಿದ್ದು ಜೆಸಿಬಿ. ಗಂಟೆಗಿಷ್ಟು ಎಂದು ಬಾಡಿಗೆಗೆ ಬಂದು, ಅರ್ಧ ದಿನದಲ್ಲಿ ಮೇಲಿನ ಭಾಗ ಕೆರೆದು ಕೆಳಗೆ ಸುರಿದು, ಸೈಟನ್ನು ಕೇರಂ ಬೋರ್ಡಿನ ಹಾಗೆ ಮಾಡಿ ಹೋಗುತ್ತದೆ. ಆಮೇಲೆ ಬೆಂಗಳೂರಿನ ಸಮತಟ್ಟು ಬಡಾವಣೆಗೆ ಬರೆದ ಪ್ಲಾನನ್ನೇ ಮೊಬೈಲಿನಲ್ಲಿ ತೋರಿಸಿ "ಇದೇ ಥರ ಇರಲಿ ಸಾರ್" ಅನ್ನುತ್ತಾರೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ನಿನ್ನೆ ಸುರಿದ ಮಣ್ಣಿನ ಮೇಲೆ. ನೀರು ಹಾಕಿ, ಪದರ ಪದರವಾಗಿ ದಮ್ಮಸು ಹೊಡೆಯುವ ತಾಳ್ಮೆ ಯಾರಿಗಿದೆ? ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಭಾಗ ಕೂಡುವಲ್ಲಿ ಗೋಡೆ ಬಾಯಿ ಬಿಡುತ್ತದೆ.

ನಮ್ಮಲ್ಲಿ ಬಿರುಕು ಕಂಡರೆ ಬರ್ಸ್ಟ್ ಮೇಲೆ, ಅಂದರೆ ಗಣಿಯ ಆಳದಲ್ಲಿ ಬಂಡೆ ಸಿಡಿಯುವುದರ ಮೇಲೆ, ತಪ್ಪು ಹೊರಿಸುವ ರೂಢಿಯಿದೆ. ಕೆಳಗೆ ಬಂಡೆ ಸಿಡಿದರೆ ಮೇಲೆ ಪಾತ್ರೆ ಅಲುಗುತ್ತಿದ್ದದ್ದು ನಿಜ. ಬಂಡೆಗಳ ಒತ್ತಡವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದೇ ಇಲ್ಲಿ. ಆದರೆ ಈಗ ನಾನು ನೋಡಲು ಹೋಗುವ ಬಿರುಕುಗಳಲ್ಲಿ ಹೆಚ್ಚಿನವು ಭರ್ತಿ ಮಣ್ಣು ಕುಸಿದು ಬಂದವು. ಅಗ್ಗಕ್ಕೆ ಸಿಕ್ಕಿತೆಂದು ಸೈನೈಡ್ ದಿಬ್ಬದ ಬೂದು ಮಣ್ಣನ್ನು ತುಂಬಬಹುದೇ ಎಂದು ಕೇಳುವವರೂ ಇದ್ದಾರೆ. ಅದು ಅದಿರನ್ನು ಅರೆದು ಚಿನ್ನ ತೆಗೆದು ಬಿಸಾಡಿದ ಪುಡಿ. ಬೇಸಿಗೆಯ ಗಾಳಿಗೆ ಹಾರುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ, ಮೇಲಾಗಿ ಮಕ್ಕಳು ಆಡುವ ಅಂಗಳ. ಬೇಡವೇ ಬೇಡ.

ಇಳಿಜಾರಿನಲ್ಲಿ ಸೈಟು ಕೊಂಡವರಿಗೆ ನನ್ನ ಕೋರಿಕೆ ಇಷ್ಟೇ. ಜೆಸಿಬಿಗೆ ಫೋನ್ ಮಾಡುವ ಮೊದಲು ಜೋರು ಮಳೆಯ ದಿನ ಛತ್ರಿ ಹಿಡಿದು ಸೈಟಿನಲ್ಲಿ ನಿಂತು, ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ನೋಡಿ. ತಡೆಗೋಡೆ ಕಟ್ಟಿಸಿದರೆ ಅದರ ಹಿಂದಿನ ನೀರು ಹೊರಬರಲು ಪೈಪು ಬಿಡಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಪ್ಲಾನ್ ಬರೆಸುವ ದಿನ ಅವರನ್ನೂ ಕರೆದುಕೊಂಡು ಬನ್ನಿ.