ಮಾತು ಬಾರದ ನಾಡಿನಲ್ಲಿ ಮೂವತ್ತು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನಾನು ಆಯುಷ್ಯದ ಬಹುಭಾಗವನ್ನು ಕೋಶ ಓದುವುದರಲ್ಲಿಯೇ ಕಳೆದವನು. ದೇಶ ಸುತ್ತುವ ಯೋಗ ಒದಗಿದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, 2019ರ ಮೇ ತಿಂಗಳಿನಲ್ಲಿ. ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸಿನಲ್ಲಿ ಉದ್ಯೋಗದಲ್ಲಿರುವ ಮಗಳು, "ಅಪ್ಪಾ, ನೀವಿಬ್ಬರೂ ಬರ್ರಿ" ಎಂದು ಹಟ ಹಿಡಿದಳು. ಪ್ರವಾಸ ಸಂಸ್ಥೆಯವರ ಬಸ್ಸಿನಲ್ಲಿ ಕುಳಿತು, ಅವರು ಇಳಿ ಎಂದಲ್ಲಿ ಇಳಿದು, ಹತ್ತು ಎಂದಲ್ಲಿ ಹತ್ತುವ ಯಾತ್ರೆ ನನಗೆ ಬೇಡವಾಗಿತ್ತು. ಬೆನ್ನಿಗೆ ಒಂದೊಂದು ಚೀಲ ಹಾಕಿಕೊಂಡು, ಯೂರೇಲ್ ಪಾಸು ಹಿಡಿದು, ಮೂವತ್ತು ದಿನ ನಮ್ಮಷ್ಟಕ್ಕೆ ನಾವೇ ಅಲೆಯುವುದೆಂದು ನಿರ್ಧರಿಸಿದೆವು. ಧಾರವಾಡದ ಬಂಧುಗಳು ನಕ್ಕರು. ನನ್ನ ಪತ್ನಿಗೆ ಕನ್ನಡವೊಂದನ್ನು ಬಿಟ್ಟು ಬೇರೆ ಭಾಷೆ ಬಾರದು. ಜೊತೆಗೆ ಹತ್ತು ವರ್ಷಗಳಿಂದ ಮಧುಮೇಹ. "ಆಕಿನ್ನ ಕಟಗೊಂಡು ಹ್ಯಾಂಗ ಅಡ್ಡಾಡ್ತೀರಿ?" ಎಂದು ಕೇಳಿದವರಿಗೆ, "ನನಗೆ ಇಂಗ್ಲಿಷ್ ಬರುತ್ತದಲ್ಲ" ಎಂದು ಉತ್ತರಿಸಿದ್ದೆ. ಆ ಉತ್ತರದ ಬೆಲೆ ನನಗೆ ಮುಂದೆ ತಿಳಿಯಿತು.

ಭಾಷೆಯ ಮೊದಲ ಪಾಠ ಬ್ರಸೆಲ್ಸಿನಲ್ಲಿಯೇ ಆರಂಭವಾಯಿತು. ಅಲ್ಲಿಯ ಪ್ರತಿಯೊಂದು ಬೀದಿಗೂ ಎರಡು ಹೆಸರು, ಒಂದು ಫ್ರೆಂಚ್, ಇನ್ನೊಂದು ಡಚ್. ರೈಲು ನಿಲ್ದಾಣದ ಫಲಕದಲ್ಲಿ ಮೋನ್ಸ್ ಎಂದೂ ಬೆರ್ಗೆನ್ ಎಂದೂ ಬರೆದುದನ್ನು ಕಂಡು ನಾನು ಅವು ಎರಡು ಊರುಗಳೆಂದು ತಿಳಿದೆ. ಊರು ಒಂದೇ, ಎರಡೂ ಹೆಸರುಗಳ ಮೂಲದಲ್ಲಿರುವುದು ಬೆಟ್ಟವೇ. ಬ್ರಸೆಲ್ಸ್ ಬಿಟ್ಟು ಹೊರಟ ರೈಲು ಡಚ್ ನುಡಿಯ ಸೀಮೆಯನ್ನು ಪ್ರವೇಶಿಸುತ್ತಲೇ ಪ್ರಕಟಣೆಗಳಲ್ಲಿ ಫ್ರೆಂಚ್ ನಿಂತುಹೋಗುತ್ತದೆ; ಫ್ರೆಂಚ್ ಸೀಮೆಯೊಳಗೆ ಹೊಕ್ಕರೆ ಡಚ್ ಮೌನವಾಗುತ್ತದೆ. 1962ರಲ್ಲಿ ಕಾನೂನಿನ ಮೂಲಕ ಗುರುತಿಸಿದ ಆ ಭಾಷಾ ಗಡಿ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ. ಬೆಳಗಾವಿಯ ಬೀಗರ ಮನೆಗೆ ಹೋಗಿಬರುವ ನಮ್ಮಂಥವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಲುವೆನ್ ಎಂಬ ಪಟ್ಟಣದ ಕಥೆ ನನ್ನ ಮನಸ್ಸನ್ನು ವಿಶೇಷವಾಗಿ ಕಲಕಿತು. 1425ರಲ್ಲಿ ಸ್ಥಾಪನೆಯಾದ ಪ್ರಾಚೀನ ವಿಶ್ವವಿದ್ಯಾಲಯ ಅಲ್ಲಿದೆ. ಪಾಠ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಜಗಳ ಬೀದಿಗಿಳಿದು, 1968ರಲ್ಲಿ ಸರಕಾರವೇ ಉರುಳಿತು. ಕೊನೆಗೆ ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ವಿಭಾಗದವರಿಗಾಗಿ 'ಹೊಸ ಲುವೆನ್' ಎಂಬ ಪಟ್ಟಣವನ್ನೇ ಕಟ್ಟಬೇಕಾಯಿತು. ಗ್ರಂಥಾಲಯದ ಪುಸ್ತಕಗಳನ್ನು ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿದರಂತೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ದೇವರಮನೆಯ ಸಮೆಗಳನ್ನು ಒಂದೊಂದಾಗಿ ಎತ್ತಿಕೊಂಡ ಮನೆಗಳನ್ನು ನಾವು ಕಂಡಿದ್ದೇವೆ. ಇದೂ ಹಾಗೆಯೇ.

ನಾವು ಹೊರಡುವ ಹಿಂದಿನ ರಾತ್ರಿ ಮಗಳು ತಾಯಿಯ ಚೀಲಕ್ಕೆ ಒಂದು ರಟ್ಟಿನ ಚೀಟಿಯನ್ನು ಕಟ್ಟಿದಳು. ಅದರ ಮೇಲೆ ಫ್ರೆಂಚ್, ಜರ್ಮನ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ನಾಲ್ಕೇ ಸಾಲು: 'ನನಗೆ ಕನ್ನಡ ಮಾತ್ರ ಬರುತ್ತದೆ. ನನಗೆ ಮಧುಮೇಹವಿದೆ. ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ದಯಮಾಡಿ ಈ ಸಂಖ್ಯೆಗೆ ಫೋನ್ ಮಾಡಿ.' ಜೊತೆಗೆ ಇರಲು ನಾನಿರುವಾಗ ಇದೆಂಥ ದನದ ಕೊರಳಿನ ಬಿಲ್ಲೆ ಎಂದು ನಾನು ಹಾಸ್ಯ ಮಾಡಿದೆ. ತಾಯಿ ಮಗಳಿಬ್ಬರೂ ಉತ್ತರ ಕೊಡಲಿಲ್ಲ.

ಜರ್ಮನಿಯಲ್ಲಿ ನಾವು ತಂಗಿದ್ದು ಬಹುತೇಕ ಯುವನಿಲಯಗಳಲ್ಲಿ. ಪಾದಯಾತ್ರೆಗೆ ಹೊರಟ ಮಕ್ಕಳಿಗೆ ರಾತ್ರಿ ತಂಗಲು ಅಗ್ಗದ ತಾಣ ಬೇಕೆಂದು ರಿಚರ್ಡ್ ಶಿರ್ಮನ್ ಎಂಬ ಶಾಲಾ ಶಿಕ್ಷಕ ಕಂಡ ಕನಸು ಇದು. ಅಲ್ಟೆನಾ ಎಂಬ ಊರಿನ ಕೋಟೆಯಲ್ಲಿ 1912ರಲ್ಲಿ ಮೊದಲ ನಿಲಯ ತೆರೆಯಿತು. ಹೆಸರು ಯುವನಿಲಯವಾದರೂ ನಮ್ಮಂಥ ಮುದುಕರನ್ನು ಯಾರೂ ಹೊರಗೆ ಹಾಕಲಿಲ್ಲ. ತೊಂದರೆಯಾದದ್ದು ಊಟಕ್ಕೆ. ಒಂದು ಕಡೆ 'ಮಾಂಸ ಬೇಡ' ಎಂದು ಕಲಿತ ಮಾತನ್ನು ಒಪ್ಪಿಸಿದೆ. ಬಡಿಸುವವನು ತಲೆಯಾಡಿಸಿ ಆಲೂಗಡ್ಡೆಯ ಪಲ್ಯ ತಂದ. ಅದರೊಳಗೆ ಸಣ್ಣ ಸಣ್ಣ ಹಂದಿಮಾಂಸದ ಚೂರುಗಳು. ಅವನ ಎಣಿಕೆಯಲ್ಲಿ ಅದು ಮಾಂಸವಲ್ಲ, ಒಗ್ಗರಣೆ! ಸ್ಟುಟ್‌ಗಾರ್ಟ್ ಸೀಮೆಯಲ್ಲಿ ನಮ್ಮ ಕಡಬನ್ನೇ ಹೋಲುವ 'ಮೌಲ್ಟಾಶೆನ್' ಎಂಬ ತಿನಿಸು ಕಂಡು ನನ್ನ ಪತ್ನಿಯ ಮುಖ ಅರಳಿತು. ಕಣಕದ ಒಳಗೆ ಸಾಮಾನ್ಯವಾಗಿ ಇರುವುದು ಮಾಂಸ. ಉಪವಾಸದ ದಿನ ದೇವರ ಕಣ್ಣಿಗೆ ಮಣ್ಣೆರಚಲು ಮಾಂಸವನ್ನು ಹೀಗೆ ಬಚ್ಚಿಟ್ಟರೆಂದು ಅಲ್ಲಿಯವರೇ ನಗುತ್ತ ಹೇಳುತ್ತಾರೆ. ಅಂದಿನಿಂದ ಆಕೆ ಬಡಿಸುವವರನ್ನು ಮಾತಿನಿಂದ ಕೇಳುವುದನ್ನೇ ಬಿಟ್ಟಳು. ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಇದು ಬೇಕು, ಇದು ಬೇಡ ಎಂದು ಬೆರಳು ಮಾಡಿ ತೋರಿಸುವಳು. ನನ್ನ ಇಂಗ್ಲಿಷಿಗಿಂತ ಆ ಬೆರಳಿಗೇ ಹೆಚ್ಚು ಮರ್ಯಾದೆ ಸಿಕ್ಕಿತು.

ಇನ್ನು ಮುಖ್ಯ ಘಟನೆ. ನಮ್ಮ ಪ್ರವಾಸದಲ್ಲಿ ನಾನು ಹಟ ಹಿಡಿದು ಸೇರಿಸಿದ ಊರು ಟ್ಯೂಬಿಂಗನ್. ನೆಕ್ಕರ್ ನದಿಯ ದಂಡೆಯ ಈ ವಿದ್ಯಾನಗರ ಕನ್ನಡಿಗರಿಗೆ ಹೊರಗಿನದಲ್ಲ. ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಅವರು 1903ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿ. ಆ ದಿನ ನಾವು ಹತ್ತಿದ ಸಣ್ಣ ರೈಲಿನಲ್ಲಿ ನೂಕುನುಗ್ಗಲು. ಮುಂದಿನ ಡಬ್ಬಿಯಲ್ಲಿ ಪತ್ನಿಗೆ ಒಂದು ಆಸನ ಹಿಡಿದುಕೊಟ್ಟು, ಕೊನೆಯ ನಿಲ್ದಾಣದಲ್ಲಿ ಇಳಿಯೋಣವೆಂದು ಹೇಳಿ, ನಾನು ಹಿಂದಿನ ಡಬ್ಬಿಗೆ ಹೋಗಿ ಕುಳಿತೆ. ನಡುವೆ ಒಂದು ನಿಲ್ದಾಣದಲ್ಲಿ ರೈಲು ಬಹಳ ಹೊತ್ತು ನಿಂತಿತು. ಜರ್ಮನ್ ಭಾಷೆಯಲ್ಲಿ ಎರಡು ಸಲ ಏನೋ ಪ್ರಕಟಣೆ ಕೇಳಿತು. ನನ್ನ ಸುತ್ತಲಿನ ಕೆಲವರು ಗಡಿಬಿಡಿಯಿಂದ ಇಳಿದು ಮುಂದಕ್ಕೆ ಓಡಿದರು. ಅವಸರದ ಜನ ಎಂದುಕೊಂಡು ನಾನು ಕಿಟಕಿಯಾಚೆಯ ದ್ರಾಕ್ಷಿ ತೋಟಗಳನ್ನು ನೋಡುತ್ತ ಕುಳಿತೆ.

ರೈಲನ್ನು ಅಲ್ಲಿ ಎರಡು ತುಂಡು ಮಾಡಿದ್ದರು. ಮುಂದಿನ ಭಾಗ ಒಂದು ದಾರಿ ಹಿಡಿದರೆ ಹಿಂದಿನ ಭಾಗ ಇನ್ನೊಂದು ದಾರಿ. ಅರ್ಧ ಗಂಟೆಯ ನಂತರ ಹೆಸರೂ ಕೇಳರಿಯದ ಒಂದು ಹಳ್ಳಿಯ ನಿಲ್ದಾಣದಲ್ಲಿ ಇಳಿದಾಗ, ಮುಂದೆ ಇರಬೇಕಾದ ಡಬ್ಬಿಗಳೇ ಇರಲಿಲ್ಲ.

ನನ್ನ ಕಾಲು ಕುಸಿದವು. ಇಬ್ಬರ ಪಾಸ್‌ಪೋರ್ಟು, ಇಬ್ಬರ ರೈಲ್ವೆ ಪಾಸು, ನಮಗಿದ್ದ ಒಂದೇ ಮೊಬೈಲು, ದುಡ್ಡು, ಎಲ್ಲವೂ ನನ್ನ ಸೊಂಟದ ಚೀಲದಲ್ಲಿ. ಭದ್ರವಾಗಿರಲೆಂದು ಆಕೆಯ ಇನ್ಸುಲಿನ್ನನ್ನೂ ನಾನೇ ಇಟ್ಟುಕೊಂಡಿದ್ದೆ. ಬೆಳಗಿನ ಚುಚ್ಚುಮದ್ದು ಆಗಿತ್ತು. ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಕುಸಿದು ಆಕೆಗೆ ತಲೆ ತಿರುಗುತ್ತದೆ. ಹಿಂದೊಮ್ಮೆ ಧಾರವಾಡದ ಸಂತೆಯಲ್ಲಿಯೇ ಹಾಗೆ ಬಿದ್ದಿದ್ದಳು. ಅಲ್ಲಿ ಎತ್ತಲು ನಮ್ಮವರಿದ್ದರು. ಇಲ್ಲಿ ಯಾರು?

ಆ ನಿಲ್ದಾಣದಲ್ಲಿ ಸಿಬ್ಬಂದಿಯೇ ಇರಲಿಲ್ಲ. ಟಿಕೆಟ್ಟು ಕೊಡುವ ಯಂತ್ರವೊಂದಿತ್ತು. ಬೆಂಚಿನ ಮೇಲೆ ಇಬ್ಬರು ವೃದ್ಧರು ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನಾನು ಪುಸ್ತಕದಿಂದ ಕಲಿತ ಜರ್ಮನ್ನಿನಲ್ಲಿ "ಮೈನೆ ಫ್ರಾವ್ ಇಸ್ಟ್ ವೆಕ್" ಎಂದೆ. ನನ್ನ ಹೆಂಡತಿ ಇಲ್ಲವಾಗಿದ್ದಾಳೆ ಎಂದು ಹೇಳುವುದು ನನ್ನ ಉದ್ದೇಶ. ಅವರಲ್ಲೊಬ್ಬ ನಿಟ್ಟುಸಿರು ಬಿಟ್ಟು ನನ್ನ ಭುಜ ತಟ್ಟಿದ; ಇನ್ನೊಬ್ಬ ತನ್ನ ಎದೆ ಮುಟ್ಟಿಕೊಂಡು, ತನಗೂ ಹಾಗೆಯೇ ಆಯಿತೆಂಬಂತೆ ಸನ್ನೆ ಮಾಡಿದ. ಹೆಂಡತಿ ನನ್ನನ್ನು ಬಿಟ್ಟು ಹೋದಳೆಂದು ಅವರು ತಿಳಿದರೆಂಬುದು ನನಗೆ ಆಮೇಲೆ ಹೊಳೆಯಿತು. ಮೂವತ್ತೆರಡು ವರ್ಷ ಷೇಕ್ಸ್‌ಪಿಯರ್ ಬೋಧಿಸಿದ ನಾಲಿಗೆ ಒಂದು ಸರಳ ಸಂಗತಿಯನ್ನು ತಿಳಿಸಲಾರದೆ ಒಣಗಿಹೋಯಿತು.

ಅಷ್ಟರಲ್ಲಿ ಮೊಬೈಲು ಬಾರಿಸಿತು. ಬ್ರಸೆಲ್ಸಿನಿಂದ ಮಗಳು. "ಅಪ್ಪಾ, ನೀವು ಎಲ್ಲಿ ಕಳಕೊಂಡೀರಿ? ಅವ್ವ ಟ್ಯೂಬಿಂಗನ್ನಿನಾಗ ಆರಾಮ ಕುಂತಾಳ" ಎಂದಳು.

ಕಳೆದುಹೋದವನು ನಾನೇ ಆಗಿದ್ದೆ.

ದಾರಿ ಕೇಳುತ್ತ, ರೈಲು ಬದಲಿಸುತ್ತ ಟ್ಯೂಬಿಂಗನ್ ಮುಟ್ಟಲು ಎರಡು ತಾಸು ಹಿಡಿಯಿತು. ನಿಲ್ದಾಣದ ಬೆಂಚಿನ ಮೇಲೆ ನನ್ನ ಪತ್ನಿ ಒಬ್ಬ ವೃದ್ಧೆಯ ಪಕ್ಕದಲ್ಲಿ ಕುಳಿತಿದ್ದಳು. ಇಬ್ಬರ ನಡುವೆ ಬಿಚ್ಚಿದ ಅರಿವೆಯಲ್ಲಿ ಖಡಕ್ ರೊಟ್ಟಿಯ ಚೂರುಗಳು, ಶೇಂಗಾ ಹಿಂಡಿ. ವೃದ್ಧೆಯ ಕೈಯಲ್ಲಿ ಹೆಣಿಗೆಯ ಸೂಜಿಗಳು. ಕೊನೆಯ ನಿಲ್ದಾಣದಲ್ಲಿ ಇಳಿದು ನನ್ನನ್ನು ಕಾಣದೆ ಆಕೆ ಗಾಬರಿಯಾದದ್ದು ನಿಜ. ಆದರೆ ಓಡಾಡಲಿಲ್ಲ. ಇಳಿದಲ್ಲಿಯೇ ನಿಂತು, ಜೊತೆಗೆ ಇಳಿದ ಆ ತಾಯಿಗೆ ಚೀಟಿಯನ್ನು ತೋರಿಸಿದಳು. ಆಕೆ ಫೋನ್ ಮಾಡಿದಳು; ಮಧುಮೇಹವೆಂಬ ಸಾಲನ್ನು ಓದಿ, ತಿನ್ನಲು ಏನಾದರೂ ಇದೆಯೇ ಎಂದು ಸನ್ನೆಯಿಂದ ವಿಚಾರಿಸಿದಳು; ನಾನು ಬರುವ ತನಕ ತನ್ನ ಮನೆಗೆ ಹೋಗದೆ ಕಾದು ಕುಳಿತಳು. ನಾನು ಸಾವಿರ ಸಲ ಕೃತಜ್ಞತೆ ಹೇಳಿದೆ, ಇಂಗ್ಲಿಷಿನಲ್ಲಿ. ಆಕೆ ನನ್ನ ಕಡೆ ನೋಡಲೂ ಇಲ್ಲ. ನನ್ನ ಪತ್ನಿಯ ಕೆನ್ನೆ ಸವರಿ ಹೊರಟುಹೋದಳು.

"ಪಾಪ, ಆಕಿಗೆ ನಾಕು ಮೊಮ್ಮಕ್ಕಳು. ಸಣ್ಣಾಕಿ ಲಗ್ನ ಬ್ಯಾಡ ಅಂತಾಳಂತ. ಅದ ಚಿಂತಿ" ಎಂದಳು ನನ್ನ ಪತ್ನಿ.

"ನಿನಗ ಹ್ಯಾಂಗ ತಿಳೀತು?"

"ಆಕಿನ ಹೇಳಿದಳಲ್ರೀ!"

ಮರುದಿನ ಟ್ಯೂಬಿಂಗನ್ನಿನ ಕಲ್ಲುಹಾಸಿನ ಬೀದಿಗಳಲ್ಲಿ ನಡೆಯುವಾಗ ಕಿಟೆಲ್ ಅವರ ವಿಷಯವಾಗಿ ನನ್ನ ವಿಚಾರ ಬೇರೆಯಾಗಿತ್ತು. ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನಿಂದ ನಮ್ಮ ಧಾರವಾಡಕ್ಕೆ ಬಂದ ಇಪ್ಪತ್ತೊಂದರ ತರುಣ ಅವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದನ್ನು ನಾನು ಇದುವರೆಗೆ ಒಬ್ಬ ಪಂಡಿತನ ಸಾಧನೆಯೆಂದು ಮಾತ್ರ ಭಾವಿಸಿದ್ದೆ. ಆದರೆ ನೇಗಿಲಿನ ಭಾಗಗಳ ಹೆಸರು, ಒಲೆಯ ಮುಂದಿನ ಮಾತು, ಗಾದೆ, ಇವೆಲ್ಲ ತಾಳೆಗರಿಗಳಲ್ಲಷ್ಟೇ ಸಿಗುವಂಥವಲ್ಲ. ಮಾತು ಬಾರದ ಒಬ್ಬ ಪರದೇಶಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಬೇಸರಿಸದೆ, ಒಂದನ್ನೇ ಹತ್ತು ಸಲ ಹೇಳಿಕೊಟ್ಟ ನಮ್ಮ ಹಳ್ಳಿಯ ಜನರೂ ಆ ಕೋಶದಲ್ಲಿದ್ದಾರೆ. ಹಿಂದಿನ ದಿನ ಆ ತಾಯಿ ಬೆಂಚಿನ ಮೇಲೆ ಕಾದು ಕುಳಿತದ್ದು ಆ ಹಳೆಯ ಋಣವನ್ನು ತೀರಿಸಿದಂತೆ ನನಗೆ ತೋರಿತು.

ವಿಯೆನ್ನಾ ಮೂಲಕ ಕೊನೆಗೆ ಬುಡಾಪೆಸ್ಟ್ ಸೇರಿದೆವು. ಹಂಗೇರಿಯ ಭಾಷೆ ಸುತ್ತಲಿನ ಯಾವ ಭಾಷೆಗೂ ಹತ್ತಿರದ್ದಲ್ಲ. ವಿಯೆನ್ನಾಕ್ಕೆ ಅವರು ಹೇಳುವ ಹೆಸರು 'ಬೇಚ್'. 'ಹಲೋ' ಎಂದು ಹೇಳಿ ಬೀಳ್ಕೊಡುತ್ತಾರೆ! ಆದರೂ ಒಂದು ಸಂಗತಿ ನನಗೆ ಹಿತವೆನಿಸಿತು. 'ಹಾಜ್' ಎಂದರೆ ಮನೆ. 'ಹಾಜ್‌ಬನ್' ಎಂದರೆ ಮನೆಯಲ್ಲಿ. 'ಹಾಜ್‌ಬೋಲ್' ಎಂದರೆ ಮನೆಯಿಂದ. ನಮ್ಮಂತೆಯೇ ಅವರೂ ಪ್ರತ್ಯಯವನ್ನು ಶಬ್ದದ ಹಿಂದೆ ಅಂಟಿಸುತ್ತಾರೆ. ರಕ್ತಸಂಬಂಧವಿಲ್ಲ, ನಡೆನುಡಿಯಲ್ಲಿ ಹೋಲಿಕೆ. ಪರವೂರಿನಲ್ಲಿ ನಮ್ಮ ಕಾಕಾನ ಮುಖ ಹೋಲುವವನೊಬ್ಬ ಕಂಡಂತೆ. ತಮ್ಮ ಜನರ ಮೂಲವನ್ನು ಹುಡುಕುತ್ತ 1819ರಲ್ಲಿ ಬರಿಗೈಯಲ್ಲಿ ಹೊರಟು, ಬಹುದೂರ ಕಾಲ್ನಡಿಗೆಯಲ್ಲಿಯೇ ಸಾಗಿ ಲಡಾಖ್ ತಲುಪಿದ ಚೋಮಾ ಎಂಬ ಮಹನೀಯರು ಈ ನುಡಿಯವರೇ. ಹುಡುಕಿದ್ದು ಅವರಿಗೆ ಸಿಗಲಿಲ್ಲ; ಅದಕ್ಕೆ ಬದಲಾಗಿ ಟಿಬೆಟ್ ಭಾಷೆಗೆ ನಿಘಂಟನ್ನೂ ವ್ಯಾಕರಣವನ್ನೂ ರಚಿಸಿದರು. ಅವು 1834ರಲ್ಲಿ ಕಲಕತ್ತೆಯಲ್ಲಿ ಪ್ರಕಟವಾದವು. 1842ರಲ್ಲಿ ಡಾರ್ಜಿಲಿಂಗಿನಲ್ಲಿ ಅವರು ಜ್ವರದಿಂದ ತೀರಿಕೊಂಡರು. ದೇಶ ಸುತ್ತಿ ಕೋಶ ಬರೆದವರು ಹೀಗೆ ಆ ಕಡೆಯಿಂದಲೂ ಬಂದಿದ್ದಾರೆ.

ಹೊರನಾಡಿಗೆ ಹೊರಡುವ ನಮ್ಮ ಕುಟುಂಬಗಳಿಗೆ ಎರಡು ಮಾತು ಹೇಳಿದರೆ ತಪ್ಪಾಗದು. ಅವರವರ ಔಷಧ, ಪಾಸ್‌ಪೋರ್ಟು, ಸ್ವಲ್ಪ ಹಣ ಅವರವರ ಬಳಿಯೇ ಇರಲಿ. ಮನೆಯ ಯಜಮಾನನ ಸೊಂಟದಲ್ಲಿ ಎಲ್ಲವೂ ಭದ್ರವೆಂಬ ಭ್ರಮೆ ಬೇಡ. ಆಯಾ ದೇಶದ ಭಾಷೆಯಲ್ಲಿ ಬರೆದ ಚೀಟಿಯೊಂದು ಪ್ರತಿಯೊಬ್ಬರ ಚೀಲದಲ್ಲಿರಲಿ. ಆಪತ್ತಿಗೆ 112 ಎಂಬ ಸಂಖ್ಯೆ ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ನಡೆಯುತ್ತದೆ. ಅಗಲಿದರೆ ಹುಡುಕುತ್ತ ಹೋಗದೆ ನಿಂತಲ್ಲಿಯೇ ನಿಲ್ಲಿ. ಮತ್ತು, ಬಾರದ ಭಾಷೆಯ ಬಗ್ಗೆ ನಾಚಿಕೆ ಬೇಡ. ಬಂದ ಭಾಷೆಯ ಬಗ್ಗೆ ಜಂಬವೂ ಬೇಡ.

ಆ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಿಂದ ನಮ್ಮ ಮನೆಗೆ ಒಂದು ಸಣ್ಣ ಕಟ್ಟು ಬಂದಿತು. ವಿಳಾಸ ಮಗಳು ಕೊಟ್ಟದ್ದು. ಒಳಗೆ ಕೈಯಿಂದ ಹೆಣೆದ ಉಣ್ಣೆಯ ಕಾಲುಚೀಲ, ಜರ್ಮನ್ನಿನಲ್ಲಿ ಒಂದು ಪತ್ರ. ಎರಡು ದಿನ ನಿಘಂಟು ಹಿಡಿದು ಅರ್ಥ ಬಿಡಿಸಿದೆ. ಮೊಣಕಾಲಿನ ನೋವು, ಚಳಿಯ ಸುದ್ದಿ, ರೊಟ್ಟಿಯ ನೆನಪು ಇದ್ದವು. ಮೊಮ್ಮಗಳ ಲಗ್ನದ ಮಾತೇ ಇರಲಿಲ್ಲ. ಹಾಗೆಂದು ಪತ್ನಿಗೆ ಹೇಳಿದೆ.

"ಹೊರಗಿನವರ ಕೈಯಾಗ ಸಿಗೋ ಕಾಗದದಾಗ ಅದನ್ನ ಬರೀತಾರೇನ್ರೀ?" ಎಂದಳು.

ಉತ್ತರ ಬರೆಯಲು ಹಾಳೆ ತೆಗೆದು, ಇಂಗ್ಲಿಷಿನಲ್ಲಿ 'ಪ್ರಿಯ' ಎಂದು ಆರಂಭಿಸಿದ್ದೆ. ಪಕ್ಕದಲ್ಲಿ ಬಂದು ನಿಂತ ಆಕೆ, ನನ್ನ ಕೈಯಿಂದ ಲೇಖನಿ ತೆಗೆದು ಹೊಸ ಹಾಳೆ ಮುಂದಿಟ್ಟಳು.

"ಇಂಗ್ಲಿಷಿನಾಗ ಬರದ್ರ ಆಕಿಗೇನ ತಿಳೀತೈತಿ? ಕನ್ನಡದಾಗ ಬರೀರಿ."