ಹಾದಿಯ ಮನೆ

ಹಾದಿಗೆ ಹತ್ತಿದ ಮನೆಯು ಭಾಗ್ಯದ ಮನೆಯೆಂದು ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಹಿರಿಯರು ಎಣಿಸುತ್ತಿದ್ದರು. ಬಂದವರಿಗೆ ನೀರು, ಹೋಗುವವರಿಂದ ಸುದ್ದಿ, ಸಂಜೆಗೆ ಕಟ್ಟೆಯ ಮೇಲಣ ಗಾಳಿ ಇವೇ ಆ ಭಾಗ್ಯ. ಇಂದು ಆ ಕಟ್ಟೆಯು ಬರಿದಾಗಿರುವದು.

ದೀಪಾವಳಿಯು ಕಳೆದು ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ, ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಕ್ಕರೆ ಕಾರಖಾನೆಗಳ ಕಡೆಗೆ ಸಾಗುವವು. ಅವು ಎಬ್ಬಿಸುವ ಧೂಳು ಕಣ್ಣಿಗೆ ಕಾಣುವದು, ಒರಸಿದರೆ ಹೋಗುವದು. ಡೀಸೆಲ್ಲಿನ ಹೊಗೆಯ ಕಣವು ಕಾಣದು. ಒಂದು ಮಿಲಿಮೀಟರಿನ 400ನೆಯ ಪಾಲಿಗಿಂತಲೂ ಕಿರಿದಾದ ಅದು ಫುಪ್ಫುಸದ ಕೊನೆಯ ಚೀಲಗಳವರೆಗೆ ಇಳಿಯುವದು. ಮಕ್ಕಳ ಉಬ್ಬಸವೂ ವೃದ್ಧರ ಹೃದಯವಿಕಾರವೂ ಅದರಿಂದ ಬಲಿಯುವವು. ಡೀಸೆಲ್ ಹೊಗೆಯು ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲವು 2012ರಲ್ಲಿ ನಿರ್ಣಯಿಸಿತು. ಒಂದು ಘನಮೀಟರು ಗಾಳಿಯಲ್ಲಿ ಇಂಥ ಕಣಗಳ ವಾರ್ಷಿಕ ಸರಾಸರಿಯು 5 ಮೈಕ್ರೊಗ್ರಾಮನ್ನು ಮೀರಬಾರದೆಂದು ಆ ಸಂಸ್ಥೆಯು 2021ರಲ್ಲಿ ಸಾರಿತು. ಭಾರತವು 2009ರಲ್ಲಿ ಹಾಕಿಕೊಂಡ ಮಿತಿಯು 40.

ಆದರೂ ಹಾದಿಯ ಮನೆಯವನು ಆ ಗಾಡಿಗಳನ್ನು ಶಪಿಸಲಾರನು. ಅವುಗಳಲ್ಲಿ ಆತನ ಹೊಲದ ಕಬ್ಬೂ ಇರುವದು. ಮಗಳ ಲಗ್ನವೂ ಮಗನ ವಿದ್ಯೆಯೂ ಅದರಲ್ಲಿಯೇ ಇರುವವು. ರಬಕವಿ-ಬನಹಟ್ಟಿಯ ನೇಕಾರನ ಸೀರೆಯೂ ಹಾದಿಯಿಂದಲೇ ಪೇಟೆಯನ್ನು ಕಾಣಬೇಕು.

ಹೊಗೆಯ ಬಲವು ಹಾದಿಯಿಂದ ಕೆಲವು ನೂರು ಮೀಟರು ಸರಿದರೆ ಬಹಳ ಇಳಿಯುವದು. ಆದುದರಿಂದ ಶಾಲೆಯನ್ನು ಕಟ್ಟುವವರು ಒಳಗಿನ ನೆಲವನ್ನು ಹುಡುಕಲಿ. ಕೂಸಿನ ತೊಟ್ಟಿಲು ಹಿತ್ತಲ ಕೋಣೆಯಲ್ಲಿ ತೂಗಲಿ. ಕಬ್ಬಿನ ಬಿಲ್ಲು ತಡವಾದರೆ ರೈತನು ಕಾರಖಾನೆಯ ಬಾಗಿಲಿಗೆ ಹೋಗಿ ಕೇಳುವನು. ಕೂಸು ತನ್ನ ಉಸಿರಿನ ಬಾಕಿಯನ್ನು ಯಾರ ಬಾಗಿಲಲ್ಲಿ ಕೇಳಬೇಕು?